ಸೋಮಾರಿತನ ಎಂದು ಕರೆದದ್ದು

ಅಮ್ಮಾ,

ಸತ್ತವರು ಕಾಗದ ಓದುವುದಿಲ್ಲ, ಗೊತ್ತು. ಆದರೂ ಹೇಳಬೇಕು. ಇವತ್ತು ನನ್ನ ರಕ್ತಪರೀಕ್ಷೆಯ ವರದಿ ಬಂತು.

"ಸಿಆರ್‌ಪಿ, ಇಎಸ್‌ಆರ್ ಎರಡೂ ವಿಪರೀತ ಏರಿವೆ. ಅಂದ್ರೆ ಒಳಗೆ ಉರಿಯೂತ ಜೋರಾಗಿದೆ. ನಿಮ್ಮನ್ನ ಕಾಯಬೇಕಾದ ಶಕ್ತಿನೇ ನಿಮ್ಮ ಕೀಲುಗಳನ್ನ ಹೊಡೀತಾ ಇದೆ" ಎಂದರು ಡಾಕ್ಟರು. "ಮನೇಲಿ ಬೇರೆ ಯಾರಿಗಾದ್ರೂ ಈ ಸಂಧಿವಾತ ಇತ್ತಾ?"

"ಅಮ್ಮನಿಗೂ ಬೆಳಗ್ಗೆ ಬೆರಳು ಮಡಚೋಕೆ ಆಗ್ತಿರಲಿಲ್ಲ. ನಾವು ಅದನ್ನ ಸೋಮಾರಿತನ ಅಂತಿದ್ವಿ" ಎಂದೆ.

ಮನೆಗೆ ಬಂದು ಅಪ್ಪನಿಗೆ ಚಹಾ ಕೊಡುವಾಗ ಗಾಜಿನ ಲೋಟ ಕೈಜಾರಿ ಒಡೆಯಿತು. "ನೀನೂ ನಿಮ್ಮಮ್ಮನ ನಾಟಕ ಶುರು ಮಾಡಿದ್ಯಾ?" ಎಂದು ಕೆನ್ನೆಗೆ ಬಾರಿಸಿದರು. ತುಟಿ ಒಡೆದು ಬಾಯಿ ತುಂಬ ರಕ್ತ. ಇನ್ನೊಂದು ಏಟಿಗೆ ಎತ್ತಿದ ಕೈಯನ್ನು ಹಿಡಿದು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದೆ.

"ಬಿಡೇ, ಮೂಳೆ ಮುರಿಯುತ್ತೆ!" ಎಂದು ಕಿರುಚಿದರು.

ನನ್ನ ಊದಿದ ಬೆರಳುಗಳಿಗೆ ಬೆಂಕಿ ಬಿದ್ದಂತಿತ್ತು. "ಅಮ್ಮನಿಗೆ ಇದ್ದದ್ದು ಕಾಯಿಲೆ! ಕೇಳಿಸ್ತಾ? ಕಾಯಿಲೆ!" ಎಂದು ಅರಚುತ್ತ ಮತ್ತೆ ಅಪ್ಪಳಿಸಿದೆ.

ಈಗ ಅವರ ಮಣಿಕಟ್ಟು ಊದಿಕೊಂಡಿದೆ. ಶಾಖ ಕೊಡಲು ಬಿಸಿನೀರು ತಾ ಎಂದು ಒಳಗಿನಿಂದ ಕೂಗುತ್ತಿದ್ದಾರೆ. ನೀನಾಗಿದ್ದರೆ ಇಷ್ಟರಲ್ಲಿ ಕಾಯಿಸಿ ಕೊಟ್ಟಿರುತ್ತಿದ್ದೆ.

ನಾನಿನ್ನೂ ಎದ್ದಿಲ್ಲ, ಅಮ್ಮಾ.