ತೈವೊನ ಮಗು, ಕೆಹಿಂದೆಯ ರಕ್ತ

ಇಗ್ಬೊ-ಓರಾ
೧೧ ಆಗಸ್ಟ್ ೧೯೯೬, ಭಾನುವಾರ

ಪ್ರೀತಿಯ ಕೆಹಿಂದೆ ಅಣ್ಣನಿಗೆ, ನಿನ್ನ, ತೈವೊ ಅಣ್ಣನ ಬೆನ್ನಿಗೆ ಹುಟ್ಟಿದ ಇದೊವು ಮೊಣಕಾಲೂರಿ ಮಾಡುವ ನಮಸ್ಕಾರ.

ಆರೋಗ್ಯವಾಗಿದ್ದೀಯಾ? ಜೋಸ್‌ನಲ್ಲಿ ಈಗ ಮಳೆಯೂ ಚಳಿಯೂ ಒಟ್ಟಿಗೆ ಇರುತ್ತವೆ ಎಂದು ನೀನೇ ಹೇಳುತ್ತಿದ್ದೆ, ಎದೆ ಮುಚ್ಚಿಕೊಂಡು ಓಡಾಡುತ್ತೀಯೋ ಇಲ್ಲವೋ. ಚಿಕ್ಕಪ್ಪನ ಕಾಲುನೋವು ಹೇಗಿದೆ? ನಿನ್ನ ಮದುವೆಯ ಹುಡುಗಿ ಮೊರೆನಿಕೆ ಚೆನ್ನಾಗಿದ್ದಾಳಾ? ನಾವೆಲ್ಲ ಕ್ಷೇಮ ಎಂದು ಬರೆಯಲು ಹೋಗಿ ಕೈ ನಿಂತುಬಿಟ್ಟಿತು. ಅವ್ವ ಗಟ್ಟಿಯಾಗಿದ್ದಾಳೆ, ಹೊಲದಲ್ಲಿ ಹೊಸ ಗೆಡ್ಡೆ ಬಂದಿದೆ, ಅಷ್ಟು ಮಾತ್ರ ಕ್ಷೇಮ. ಅವಳಿಗಳ ನಂತರ ಹುಟ್ಟಿದ ಇದೊವು ಹಠಮಾರಿ, ಯಾರಿಗೂ ಹೆದರದವಳು ಎಂದು ಊರೆಲ್ಲ ಹೇಳುತ್ತದಲ್ಲ, ನನ್ನ ಪಾಲಿನ ಆ ಧೈರ್ಯ ಎಲ್ಲಿ ಬಿದ್ದುಹೋಯಿತೋ ಕಾಣೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬರವಣಿಗೆ ಇದು. ತಪ್ಪಿದ್ದರೆ ನಗು, ಆದರೆ ಮೊರೆನಿಕೆಗೆ ತೋರಿಸಿ ನಗಬೇಡ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ತೈವೊ ಅಣ್ಣನ ಮಗು ಅಯೋಕಾಗೆ ಹುಷಾರಿಲ್ಲ. ಹೋದ ತಿಂಗಳು ಒಂದು ಬೆಳಗ್ಗೆ ನೋಡಿದರೆ ಅವಳ ಕೈಗಳೂ ಪಾದಗಳೂ ಎಣ್ಣೆಗೆ ಬಿಟ್ಟ ಅಕಾರಾ ವಡೆಯ ಹಾಗೆ ಉಬ್ಬಿದ್ದವು, ಮುಟ್ಟಿದರೆ ಕಿರುಚುತ್ತಿದ್ದಳು. "ಇರುವೆ ಕಚ್ಚಿದೆ, ಮಗೂನ ಬರೀ ನೆಲದ ಮೇಲೆ ಬಿಟ್ಟೋರು ಯಾರು" ಎಂದು ಅವ್ವ ಅಬೇಕೆ ಅತ್ತಿಗೆಯನ್ನು ಬೈದಳು. ಊತ ಇಳಿಯದೆ ಜ್ವರ ಬಂದಾಗ ಎಲ್ಲರೂ ಅಬೆಯೊಕುಟಾದ ಆಸ್ಪತ್ರೆಗೆ ಹೋದೆವು. ಅದೇ ಕಾಯಿಲೆ, ಅಣ್ಣಾ. ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿ ಮೂಳೆಗಳನ್ನು ನೋಯಿಸುತ್ತದಲ್ಲ, ಅದು. ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಬಂದರೆ ಮಾತ್ರ ಮಗುವಿಗೆ ಬರುತ್ತದಂತೆ. ಅತ್ತಿಗೆಯ ರಕ್ತ ಎಎಸ್, ಅಂದರೆ ಅವಳಲ್ಲಿ ಆ ಒಂದು ಪಾಲು ಇದೆ ಎನ್ನುವುದು ಮದುವೆಗೆ ಮುಂಚೆಯೇ ಗೊತ್ತಿತ್ತು, ಅವಳು ಮುಚ್ಚಿಟ್ಟಿರಲಿಲ್ಲ. ತೈವೊ ಎದ್ದು ನಿಂತು "ನಂದು ಎಎ ಡಾಕ್ಟ್ರೇ, ನನ್ನಿಂದ ಬರೋಕೆ ಸಾಧ್ಯ ಇಲ್ಲ" ಎಂದ. ಯಾವಾಗ ಪರೀಕ್ಷೆ ಮಾಡಿಸಿದ್ರಿ ಎಂದು ಡಾಕ್ಟರು ಕೇಳಿದರು. "ನಾನು ಮಾಡಿಸಿಲ್ಲ, ನನ್ನ ಅವಳಿ ಮಾಡಿಸಿದ್ದಾನೆ." ಡಾಕ್ಟರು ಕನ್ನಡಕ ತೆಗೆದು ಅವನನ್ನೇ ನೋಡಿದರು.

ನಿನಗೆ ನೆನಪಿರಬೇಕು. ತೈವೊನ ಮದುವೆಗೆ ಚರ್ಚಿನವರು ರಕ್ತಪರೀಕ್ಷೆ ಕೇಳಿದಾಗ, ನೀನು ಕಾಲೇಜಿಗೆ ಸೇರುವಾಗ ಅಲ್ಲಿನ ಯಾವುದೋ ಲ್ಯಾಬಿನಲ್ಲಿ ಮಾಡಿಸಿದ್ದನ್ನೇ ಅವ್ವ ತರಿಸಿ ಕೊಟ್ಟಳು. "ಒಂದೇ ಹೊಟ್ಟೆ, ಒಂದೇ ಮುಖ. ಒಬ್ಬನ ರಕ್ತ ನೋಡಿದ ಮೇಲೆ ಇನ್ನೊಬ್ಬನಿಗೂ ಯಾಕೆ ಸೂಜಿ ಚುಚ್ತೀರಿ ಪಾಸ್ಟರಪ್ಪಾ?" ಎಂದು ಕೇಳಿದಳು. ಪಾಸ್ಟರು ನಕ್ಕು ಒಪ್ಪಿದರು, ಅವರೂ ಅವಳಿಯೇ ತಾನೆ. ನಾವ್ಯಾರೂ ಬೇಡ ಅನ್ನಲಿಲ್ಲ. ಈಗ ಆಸ್ಪತ್ರೆಯಲ್ಲಿ ತೈವೊನ ರಕ್ತ ನೋಡಿದರು. ಎಎಸ್. ಮತ್ತೊಮ್ಮೆ ತೆಗೆದು ನೋಡಿದರು, ಅದೇ. ಆಮೇಲೆ ಡಾಕ್ಟರು ಅವ್ವನನ್ನು ಹೆರಿಗೆಯಲ್ಲಿ ಮಾಸು ಒಂದು ಬಿದ್ದಿತ್ತೋ ಎರಡೋ ಎಂದು ಕೇಳಿದರು. "ನಾನು ಹೆರೋದೋ, ಅದನ್ನ ಎಣಿಸ್ತಾ ಕೂರೋದೋ" ಎಂದು ಅವ್ವ ಸಿಡುಕಿದಳು. ಆದರೆ ಅಜ್ಜಿ ಬದುಕಿರುವ ತನಕ ಹೇಳುತ್ತಿದ್ದಳಲ್ಲ, ಇಬ್ಬರಿಗೂ ಸೇರಿ ಮಾಸಿನ ಒಂದೇ ಮಡಕೆ ಹೂತೆ ಎಂದು. ನಾನು ಅದನ್ನು ಬಾಯಿಬಿಟ್ಟು ಹೇಳಿದೆ. ಹಾಗಿದ್ದರೆ ಇಬ್ಬರೂ ಒಂದೇ ಬೀಜದವರು, ತೈವೊನಲ್ಲಿ ಇರುವುದು ಕೆಹಿಂದೆಯಲ್ಲೂ ಇರುತ್ತದೆ, ಜೋಸ್‌ನವರು ತಪ್ಪಿ ಬರೆದಿರಬೇಕು, ಅವನ ರಕ್ತ ಮತ್ತೆ ನೋಡಿಸಿ ಎಂದರು ಡಾಕ್ಟರು.

ಬರುವಾಗ ಬಸ್ಸಿನಲ್ಲಿ ಅವ್ವ ಬೇರೆ ರಾಗ ತೆಗೆದಳು. "ಕೆಹಿಂದೆ ಹಲ್ಲು ಬೀಳೋ ವಯಸ್ಸಿಗೇ ಚಿಕ್ಕಪ್ಪನ ಜೊತೆ ಹೋದೋನು. ಅಲ್ಲಿನ ತಣ್ಣೀರು, ಅಲ್ಲಿನ ಹಾಲು, ಅಲ್ಲಿನ ಆಲೂಗಡ್ಡೆ. ಇವನು ನನ್ನ ಅಮಲಾ ಮುದ್ದೆ ತಿಂದು ಬೆಳೆದೋನು. ಅವನ ರಕ್ತ ಬೇರೇನೇ." ತೈವೊ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ, "ನನ್ನ ಮದುವೆಗೆ ಒಂದೇ ರಕ್ತ, ಅವನ ಮದುವೆಗೆ ಬೇರೆ ರಕ್ತನಾ ಅವ್ವಾ?" ಹಿಂದಿನ ಸೀಟಿನವಳೂ ಕಡಲೆಕಾಯಿ ತಿನ್ನುವುದನ್ನು ನಿಲ್ಲಿಸಿದಳು.

ಅವ್ವನ ಮಾತು ನಿಜವಾಗಲಿ ಎಂದು ನಾನೂ ಬೇಡಿಕೊಳ್ಳುತ್ತೇನೆ. ನೀವಿಬ್ಬರೂ ಬೇರೆಯೇ ತಾನೆ. ಅವನು ಮಾತಾಡಿದರೆ ಮೂರು ಮನೆಗೆ ಕೇಳುತ್ತದೆ, ನೀನು ಹತ್ತಿರ ಕೂತರೂ ಕೇಳುವುದಿಲ್ಲ. ನಮ್ಮ ಮೆಣಸಿನ ಸಾರಿಗೆ ನಿನ್ನ ಕಣ್ಣಲ್ಲಿ ನೀರು ಬರುತ್ತದೆ. ಅವನಿಗಿಂತ ನೀನು ಎತ್ತರ ಬೇರೆ. ಇದನ್ನೆಲ್ಲ ಒಂದೊಂದಾಗಿ ನೆನೆದು ಸಮಾಧಾನ ಮಾಡಿಕೊಳ್ಳುತ್ತೇನೆ, ಅಷ್ಟರಲ್ಲಿ ಹೋದ ಕ್ರಿಸ್‌ಮಸ್ ನೆನಪಾಗುತ್ತದೆ. ಇಬ್ಬರೂ ಬಿಸಿಲಿಗೆ ಕಾಲಿಟ್ಟ ಕೂಡಲೇ ಸೀನುತ್ತಿದ್ದಿರಿ. ಇಬ್ಬರೂ ಅನ್ನವನ್ನು ಮೊದಲು ಮೂಸಿ ನೋಡಿ, ಎಡಗಿವಿ ಎಳೆದುಕೊಂಡು, ಆಮೇಲೆ ತುತ್ತು ಎತ್ತುತ್ತಿದ್ದಿರಿ. ಯಾರೂ ಕಲಿಸಿದ್ದಲ್ಲ. ಆಗ ನಗುತ್ತಿದ್ದೆ, ಈಗ ನಗು ಬರುವುದಿಲ್ಲ. ಊರು, ಊಟ, ಶಾಲೆ ನಿನ್ನನ್ನು ಎಷ್ಟೋ ಬದಲಿಸಿರಬಹುದು, ಅವು ಮುಟ್ಟದ ಜಾಗವೂ ಒಳಗೆ ಇದೆ ಅನ್ನಿಸುತ್ತದೆ. ನನಗೇನು ಗೊತ್ತು.

ಮೊರೆನಿಕೆ ನಮ್ಮ ಮನೆಗೆ ಬಂದಾಗ ಜಗಲಿಯ ಮೇಲೆ ಕೂತು ಹೇಳಿದ್ದು ಕಿವಿಯಿಂದ ಹೋಗುತ್ತಿಲ್ಲ. "ನಂದು ಎಎಸ್ ಇದೊವು. ನನ್ನ ತಮ್ಮ ಇದೇ ಕಾಯಿಲೇಲಿ ನನ್ನ ತೊಡೆ ಮೇಲೆ ಹೋದ. ಎಎ ಅಲ್ಲದವನು ರಾಜನಾದ್ರೂ ನನಗೆ ಬೇಡ." ನಿನ್ನ ರಕ್ತದ ವಿಷಯ ಗೊತ್ತಾದ ಮೇಲೇ ಅವಳು ನಿನ್ನನ್ನು ಒಪ್ಪಿದ್ದು. ಅಕ್ಟೋಬರಿನಲ್ಲಿ ಮದುವೆ. ಮನೆಮಂದಿಗೆಲ್ಲ ಒಂದೇ ಬಗೆಯ ನೀಲಿ ಬಟ್ಟೆ ತಂದು ಅವ್ವ ಹೊಲಿಯಲು ಕೊಟ್ಟಾಗಿದೆ. "ನೀನೇನಾದ್ರೂ ಕಾಗದ ಬರೆದ್ರೆ ಮದುವೆ ಮುರಿದೋಳು ನೀನೇ ಆಗ್ತೀಯ" ಎಂದು ನನ್ನನ್ನು ಹೆದರಿಸಿದ್ದಾಳೆ. ತೈವೊ ಬರೆಯಲಾರ. ಮಗುವಿನ ಪಾದಕ್ಕೆ ಬಿಸಿ ಬಟ್ಟೆ ಸುತ್ತಿಕೊಂಡು ಕೂತುಬಿಡುತ್ತಾನೆ, "ನೀನೇ ಬರಿ, ನನ್ನ ಕೈಲಾಗಲ್ಲ" ಎನ್ನುತ್ತಾನೆ.

ಅದಕ್ಕೇ ಬರೆಯುತ್ತಿದ್ದೇನೆ. ಮದುವೆಗೆ ಮೊದಲು ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಮ್ಮೆ ರಕ್ತ ಕೊಡು. ಇಬ್ಬರೂ ಎಎಸ್ ಆದರೆ ನಾಲ್ಕರಲ್ಲಿ ಒಂದು ಮಗುವಿಗೆ ಈ ಕಾಯಿಲೆ ಎಂದರು ಡಾಕ್ಟರು. ಹಾಗಾದರೆ ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದು ಅವ್ವ ಅತ್ತಿಗೆಗೆ ಧೈರ್ಯ ಹೇಳಿದಳು. ಹಾಗಲ್ಲವಂತೆ ಅಣ್ಣಾ, ಪ್ರತಿ ಬಸಿರಿಗೂ ಹೊಸದಾಗಿ ನಾಲ್ಕರಲ್ಲಿ ಒಂದಂತೆ. ನಿನ್ನದು ಎಎಸ್ ಎಂದು ಬಂದರೆ ಮೊರೆನಿಕೆಗೆ ಏನು ಹೇಳಬೇಕು ಎನ್ನುವುದು ನನ್ನ ತಲೆಗೆ ಹೊಳೆಯುತ್ತಿಲ್ಲ. ಓದಿದವನು ನೀನು, ನಿನಗಾದರೂ ಹೊಳೆಯಲಿ.

ಚಿಕ್ಕಪ್ಪ ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನ ಕೈ ಬಿಡದಿರಲಿ.

ನಿನ್ನ ತಂಗಿ,
ಇದೊವು

ಮರೆತ ಮಾತು: ಕಾಗದ ಮಡಚಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಗೆಡ್ಡೆ ಲಾರಿ ಓಡಿಸುವವನು, ಆ ಹುಡುಗ ರಷೀದಿಯ ಅಪ್ಪ, ಜೋಸ್‌ಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ. ಹೋದ ವಾರ ಮೊರೆನಿಕೆಯನ್ನು ಇಬಾದಾನ್‌ನಿಂದ ಜೋಸ್‌ಗೆ ಅವನೇ ಕರೆದುಕೊಂಡು ಹೋದನಂತೆ, ದಾರಿಯುದ್ದಕ್ಕೂ ವಾಂತಿಯಂತೆ, ಊರು ತಲುಪಿದ ಮೇಲೆ ಹೆಂಗಸರೆಲ್ಲ ಅವಳನ್ನು ಹಿಡಿದು ನಕ್ಕರಂತೆ. "ಮದುವೆ ಬಟ್ಟೇನ ಸೊಂಟದ ಹತ್ರ ಸಡಿಲ ಬಿಟ್ಟು ಹೊಲಿಸಿ" ಎಂದು ಅವ್ವನಿಗೆ ಹೇಳಿ ತಾನೂ ನಗುತ್ತಿದ್ದಾನೆ. ನಿಜವಾ ಅಣ್ಣಾ? ಹಾಗಾದರೆ ಮದುವೆಗೆ ಮೊದಲು ಎಂದು ನಾನು ಬರೆದದ್ದಕ್ಕೆ ಅರ್ಥವೇ ಇಲ್ಲ. ಬೇರೆ ಬರೆಯೋಣವೆಂದರೆ ಏನೆಂದು ಬರೆಯಲಿ, ಅವನು ಆಗಲೇ ಲಾರಿ ಹತ್ತಿ ಹಾರನ್ ಹೊಡೆಯುತ್ತಿದ್ದಾನೆ. ಲಕೋಟೆಯ ಮೇಲೆ ನಿನ್ನೊಬ್ಬನ ಹೆಸರೇ ಬರೆದಿದ್ದೇನೆ. ಅವ್ವ ಅಂಗಳದಲ್ಲಿ ಮೊಣಕಾಲೂರಿ, ಎರಡಾಗಲಿ, ನನ್ನ ಮಕ್ಕಳ ಹಾಗೇ ಒಂದೇ ಮುಖದ ಎರಡಾಗಲಿ ಎಂದು ಹರಸುತ್ತಿದ್ದಾಳೆ.