ಕಂಡಕ್ಟರ್ ಪಾಲಪ್ಪನವರ ದನಿ

ಮಧುಗಿರಿ
ಭಾನುವಾರ

ಸ್ಪೀಚ್ ಥೆರಪಿಸ್ಟ್ ಶೃತಿ ಮೇಡಂ ಅವರಿಗೆ ನಮಸ್ಕಾರ.

ಪಾರ್ಕಿನ್ಸನ್ ಕಾಯಿಲೆ ಬಂದಾಗಿನಿಂದ ನಮ್ಮಪ್ಪನ ದನಿ ಅಡುಗೆಮನೆಗೂ ಮುಟ್ಟುತ್ತಿರಲಿಲ್ಲ. ಮೊಬೈಲಿನಲ್ಲಿ ಮಾತಿನ ಪಾಠ ಮಾಡುವಾಗ ನೀವು "ಜೋರಾಗಿ ಹೇಳಿ" ಅಂದಷ್ಟೂ ಅವರು ಕೈಕಟ್ಟಿಕೊಂಡು ಇನ್ನೂ ಮೆಲ್ಲಗಾಗುತ್ತಿದ್ದರು. ಯಾಕೆಂದು ಕೇಳಿದರೆ, "ಪಾಠ ಹೇಳೋರ ಮುಂದೆ ದನಿ ಎತ್ತಬಾರ್ದು ಕಣಮ್ಮ" ಅಂದರು.

ಅಪ್ಪ ಮೂವತ್ತು ವರ್ಷ ಶಿರಾ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿನ್ನೆ ನಾನೇ ಪ್ಯಾಸೆಂಜರ್ ಆಗಿ, ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತೆ. ಅಪ್ಪ ಒಂದು ಗಳಿಗೆ ನೋಡಿದರು.

"ಜಾಗ ಐತೆ ಹಿಂದ್ಗಡೆ, ನಿಲ್ಬ್ಯಾಡಮ್ಮ ಬಾಗ್ಲಕಡೆ!"

ಪ್ರಾಸ ಅವರದೇ, ನನ್ನ ಕೈವಾಡವಿಲ್ಲ. ಎದುರುಮನೆಯ ಬಾಗಿಲಲ್ಲಿ ನಿಂತಿದ್ದ ರಂಗಕ್ಕ ತಾವೂ ಒಳಗೆ ಸರಿದರು.

ಆದ್ದರಿಂದ ಮಂಗಳವಾರ ಫೋನ್ ಮಾಡಿದಾಗ ದಯವಿಟ್ಟು ಪಾಠ ಹೇಳಬೇಡಿ. ಹಿಂದಿನ ಸೀಟಿನಲ್ಲಿ ಕೂತು ಟಿಕೆಟ್ ಕೇಳಿ.

ಇಂತಿ,
ಕಂಡಕ್ಟರ್ ಪಾಲಪ್ಪನವರ ಮಗಳು
ಗಂಗರತ್ನ