ಬಾಯಿಪಾಠದ ಚಿಕ್ಕಮ್ಮ

ಮಗನೇ,

ಕ್ಷೇಮವಾಗಿದ್ದೀಯಾ? ಮಾತ್ರೆ ತಪ್ಪಿಸಬೇಡ. ನಿನ್ನ ವಿಳಾಸ ಹೇಗೆ ಸಿಕ್ಕಿತೆಂದು ಗಾಬರಿಯಾಗಬೇಡ. ನಿನಗೆ ಕಿಡ್ನಿ ಕೊಡುವ ಚಿಕ್ಕಮ್ಮ ಎಂದು ನನ್ನನ್ನು ಒಪ್ಪಿಗೆ ಕೊಡುವ ಸಮಿತಿಯ ಮುಂದೆ ಕೂರಿಸುವ ಮೊದಲು ದಲ್ಲಾಳಿಯೇ ಅದನ್ನೂ ಬಾಯಿಪಾಠ ಮಾಡಿಸಿದ್ದ.

"ಹುಡುಗ ಚಿಕ್ಕಂದಿನಲ್ಲಿ ಹೇಗಿದ್ದ?" ಎಂದು ಸಮಿತಿಯ ಸಾಹೇಬರು ಕೇಳುತ್ತಾರೆಂದು ಮಾತ್ರ ಅವನೂ ಎಣಿಸಿರಲಿಲ್ಲ. "ಮಹಾ ಹಠಮಾರಿ ಸ್ವಾಮಿ, ನನ್ನ ಸೊಂಟ ಬಿಟ್ಟು ಇಳೀತಾನೇ ಇರಲಿಲ್ಲ" ಎಂದುಬಿಟ್ಟೆ. ಅವರು ನಕ್ಕು ಸಹಿ ಹಾಕಿದರು. ಹೊರಗೆ ನೀನು, "ಚಿಕ್ಕಮ್ಮಾ, ನನಗೇ ನಂಬಿಕೆ ಬಂತಲ್ಲ!" ಎಂದೆ. ನನ್ನನ್ನು ಹಾಗೆ ಕರೆಯುವವರು ಬೇರೆ ಯಾರೂ ಇಲ್ಲ.

ಈಚೆಗೆ ಇಸ್ತ್ರಿ ಮೇಜಿನ ಮುಂದೆ ನಿಂತರೆ ಕಾಲು ಊದಿಕೊಳ್ಳುತ್ತದೆ. ಕಿಡ್ನಿ ತೆಗೆದ ಅದೇ ಆಸ್ಪತ್ರೆಗೆ ಹೋದೆ. ನನ್ನ ಗುರುತಿನ ಚೀಟಿ ನೋಡಿ, "ಈ ಹೆಸರಿನವರಿಗೆ ಇಲ್ಲಿ ಆಪರೇಷನ್ನೇ ಆಗಿಲ್ಲವಲ್ಲಮ್ಮ" ಅಂದರು. ಹೇಗಾದೀತು? ಅಲ್ಲಿ ಬರೆದಿರುವುದು ನಿನ್ನ ಸ್ವಂತ ಚಿಕ್ಕಮ್ಮನ ಹೆಸರು, ಹೊಲಿಗೆಯ ಗುರುತಷ್ಟೇ ನನ್ನದು. ನಿಜ ಹೇಳಿದರೆ ನಿನಗೂ ತೊಂದರೆಯೆಂದು ಸುಮ್ಮನೆ ಎದ್ದು ಬಂದೆ.

ದುಡ್ಡು ಬೇಡಪ್ಪ. ಒಂದು ದಿನ ನನ್ನ ಜೊತೆ ಆಸ್ಪತ್ರೆಗೆ ಬಾ. ಕೌಂಟರಿನವರಿಗೆ ಕೇಳುವಂತೆ ಇನ್ನೊಂದು ಸಲ ಚಿಕ್ಕಮ್ಮ ಎಂದು ಕರೆ. ಒಳಗೆ ಬಿಟ್ಟಾರು.

ಇಂತಿ,
ನಿನ್ನನ್ನು ಎಂದೂ ಎತ್ತಿ ಆಡಿಸದ
ಚಿಕ್ಕಮ್ಮ